ಮುಧೋಳ, ಲ್ಯಾಬ್ರಡಾರ್, ನಾಟಿ: ಮೂರನ್ನೂ ಮನೆಯಲ್ಲಿಟ್ಟು ನೋಡಿದ ಮೇಲೆ

ಮಗಳಿಗೆ ಒಂಬತ್ತು ತುಂಬಿದಾಗ ನಾಯಿ ಬೇಕು ಅಂತ ಹಟ ಹಿಡಿದಳು. ನನಗೂ ಆಸೆ ಇತ್ತು. ಆದರೆ ನಮ್ಮ ಎರಡೂ ಮನೆತನದಲ್ಲಿ ಪಟ್ಟಣದಲ್ಲಿ ನೆಲೆಸಿದ ಯಾರೂ ನಾಯಿ ಸಾಕಿದವರಲ್ಲ. ಧಾರವಾಡದಲ್ಲಿ ಬಾಡಿಗೆ ಮನೆ, ಮುಂದೆ ಸಣ್ಣ ಅಂಗಳ, ನಾಲ್ಕು ಅಡಿ ಕಾಂಪೌಂಡು. ನಾನೂ ನಮ್ಮ ಯಜಮಾನರೂ ಒಂಬತ್ತಕ್ಕೆ ಹೊರಟರೆ ಬರೋದು ಸಂಜೆ ಆರಕ್ಕೆ. ಹಗಲು ಮನೆಯಲ್ಲಿರೋದು ಅತ್ತೆ ಒಬ್ಬರೇ. ಅವರಿಗೆ ಮೊಣಕಾಲು ನೋವು.

ಕೇಳಿದವರೆಲ್ಲ ಒಂದೊಂದು ತಳಿ ಹೇಳಿದರು. ಮರಿ ತಂದು ಆಮೇಲೆ ಆಗಲ್ಲ ಅಂತ ವಾಪಸ್ ಕೊಡೋದು ನನಗೆ ಬೇಡವಾಗಿತ್ತು. ಅದಕ್ಕೇ ಗೊತ್ತಿದ್ದವರ ದೊಡ್ಡ ನಾಯಿಗಳನ್ನು ಕೆಲವು ವಾರ ಮನೆಯಲ್ಲಿಟ್ಟುಕೊಂಡು ನೋಡಿದೆವು. ಡಿಸೆಂಬರಿನಿಂದ ಜೂನ್ ತನಕ ಮೂರು ನಾಯಿ ಬಂದವು. ಮೂರರ ಹತ್ತಿರವೂ ನಾನು ಒಂದೊಂದು ತಪ್ಪು ಮಾಡಿದೆ. ಆ ತಪ್ಪುಗಳಿಂದಲೇ ನಮಗೆ ಉತ್ತರ ಸಿಕ್ಕಿತು.

ಪಗ್ ಮತ್ತು ಹಸ್ಕಿ ಎರಡನ್ನೂ ಮೊದಲೇ ಬಿಟ್ಟೆವು. ಟಿವಿ ಜಾಹೀರಾತಿನಿಂದ ಪಗ್‌ಗೆ ಹಚ್ ನಾಯಿ ಅಂತಲೇ ಹೆಸರು ಬಂದಿತ್ತು. ನೋಡೋಕೆ ಮುದ್ದು. ಆದರೆ ಆ ಚಪ್ಪಟೆ ಮೂತಿಯಿಂದ ಅದಕ್ಕೆ ಸಲೀಸಾಗಿ ಉಸಿರಾಡೋಕೇ ಆಗಲ್ಲ. ನಾಯಿ ಮೈ ತಂಪು ಮಾಡಿಕೊಳ್ಳೋದೇ ಏದುಸಿರಿನಿಂದ, ಅದೇ ಕಷ್ಟವಾದರೆ ಬೇಸಿಗೆಯಲ್ಲಿ ಏನು ಮಾಡಬೇಕು? ಹಸ್ಕಿ ಸೈಬೀರಿಯಾದ ಹಿಮಕ್ಕೆ ಹುಟ್ಟಿದ್ದು. ಅದನ್ನು ಇಲ್ಲಿಯ ಏಪ್ರಿಲ್ ಬಿಸಿಲಿಗೆ ತರಲು ಮನಸ್ಸು ಒಪ್ಪಲಿಲ್ಲ.

ಮೊದಲು ಬಂದದ್ದು ಮುಧೋಳ. ನನ್ನ ಸೋದರಮಾವನ ತೋಟ ಲೋಕಾಪುರದ ಹತ್ತಿರ ಇದೆ. ಅಲ್ಲಿ ಯಾವಾಗಲೂ ಎರಡು ಮೂರು ಬೇಟೆ ನಾಯಿ ಇರ್ತವೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಈ ತಳಿಯನ್ನು ಉಳಿಸಿ ಬೆಳೆಸಿದ ಕಥೆಯನ್ನು ಮಾವ ಎಷ್ಟು ಸಲ ಹೇಳಿದರೂ ದಣಿಯೋದಿಲ್ಲ. 2005ರಲ್ಲಿ ಅಂಚೆ ಇಲಾಖೆ ತಂದ ಮುಧೋಳದ ಸ್ಟಾಂಪನ್ನು ಫ್ರೇಮು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ಅವರು ಕೊಟ್ಟು ಕಳಿಸಿದ್ದು ಚೂಟಿ ಅನ್ನೋ ಎರಡು ವರ್ಷದ ಹೆಣ್ಣು ನಾಯಿಯನ್ನ.

ಚೂಟಿಯಂಥ ಚೆಂದದ ಪ್ರಾಣಿಯನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ, ಚರ್ಮದಡಿಯಲ್ಲಿ ಎಣಿಸಬಹುದಾದ ಪಕ್ಕೆಲುಬು. ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರ ನಿಂತು, "ಏನವ್ವಾ, ಹೊಟ್ಟಿಗೆ ಹಾಕೂದಿಲ್ಲೇನು ಇದಕ್ಕ?" ಅಂತ ಕೇಳಿದರು. ಈ ತಳಿಯ ಮೈಕಟ್ಟೇ ಹಾಗೆ. ಜೋಳದ ರೊಟ್ಟಿ, ಹಾಲು, ಒಂದು ಬೇಯಿಸಿದ ಮೊಟ್ಟೆ ಕೊಟ್ಟರೆ ಅರ್ಧ ತಿಂದು ಬಿಡುತ್ತಿತ್ತು. ಕೂದಲು ಉದುರೋದು ತೀರಾ ಕಡಿಮೆ. ಬೆಳಿಗ್ಗೆ ಅರ್ಧ ಗಂಟೆ ಓಡಿಸಿದರೆ ಹಗಲೆಲ್ಲ ಅತ್ತೆಯ ಹಳೇ ಕೌದಿಯ ಮೇಲೆ ನಿದ್ದೆ. ಮೈಯಲ್ಲಿ ಕೊಬ್ಬಿಲ್ಲವಲ್ಲ, ಡಿಸೆಂಬರಿನ ರಾತ್ರಿ ನಡುಗುತ್ತಿತ್ತು. ಮಗಳು ತನ್ನ ಸ್ವೆಟರನ್ನೇ ತೊಡಿಸಿದಳು. ಹೊರಗಿನವರು ಬಂದರೆ ಮೂಲೆಗೆ ಸರಿದು ನಿಲ್ಲುತ್ತಿತ್ತು, ಮುಟ್ಟಿಸಿಕೊಳ್ಳುತ್ತಿರಲಿಲ್ಲ.

ಹನ್ನೊಂದನೇ ದಿನ ನನ್ನ ತಪ್ಪಾಯಿತು. ಅಂಗಡಿಯಲ್ಲಿ ಸಿಗುವ ಮಾಮೂಲಿ ಬೆಲ್ಟ್ ಹಾಕಿದ್ದೆ. ಮುಧೋಳದ ತಲೆ ಕುತ್ತಿಗೆಗಿಂತ ಸಪೂರ ಅನ್ನೋದು ನನ್ನ ಗಮನಕ್ಕೇ ಬಂದಿರಲಿಲ್ಲ. ರಸ್ತೆಯ ಆ ತುದಿಯಲ್ಲಿ ಬೆಕ್ಕೊಂದು ದಾಟಿತು. ನನಗೆ ಕಂಡಿದ್ದು ಒಂದು ಚುಕ್ಕೆಯಷ್ಟೇ. ಚೂಟಿ ತಲೆ ಹಿಂದಕ್ಕೆ ಎಳೆದುಕೊಂಡಿತು. ಬೆಲ್ಟ್ ಖಾಲಿಯಾಗಿ ನನ್ನ ಕೈಯಲ್ಲಿ ಉಳಿಯಿತು. ಕೂಗಿದೆ, ಅದು ತಿರುಗಿ ನೋಡಲಿಲ್ಲ. ಕಣ್ಣಿನಿಂದ ಬೇಟೆಯಾಡುವ ತಳಿ ಅದು. ಓಟಕ್ಕೆ ಬಿದ್ದ ಮೇಲೆ ಅದರ ಕಿವಿಗೆ ನಮ್ಮ ದನಿ ತಾಗೋದೇ ಇಲ್ಲ.

ಎರಡು ತಾಸು ಹುಡುಕಿದೆವು. ಮಾವನಿಗೆ ಫೋನ್ ಮಾಡಿದಾಗ, "ಬೆನ್ನು ಹತ್ತಬ್ಯಾಡ ತಂಗಿ, ಕಂಡ ಕೂಡಲೆ ನೆಲದ ಮ್ಯಾಲೆ ಕುಂತುಬಿಡು, ತಾನಽ ಬರತೈತಿ" ಅಂದರು. ಖಾಲಿ ಸೈಟೊಂದರಲ್ಲಿ ಕಂಡಿತು. ಕೂತೆ. ಸೀದಾ ಬಂದು ಹೆಗಲಿಗೆ ಮೂತಿ ಇಟ್ಟಿತು. ಅಷ್ಟು ಹೊತ್ತಿನಲ್ಲಿ ಒಂದು ಲಾರಿ ಬಂದಿದ್ದರೆ? ಎಳೆದಾಗ ತಾನೇ ಬಿಗಿಯಾಗುವ ಅಗಲದ ಬೆಲ್ಟ್ ಹಾಕಬೇಕು ಅಂತ ಆಮೇಲೆ ಪಶುವೈದ್ಯರು ತೋರಿಸಿಕೊಟ್ಟರು. ಬೆಲ್ಟ್ ಬದಲಾಯಿಸಬಹುದು, ನಮ್ಮ ಕಾಂಪೌಂಡು ಬದಲಾಯಿಸೋಕಾಗಲ್ಲ. ನಾಲ್ಕು ಅಡಿ ಗೋಡೆಯನ್ನು ಅದು ನಿಂತಲ್ಲಿಂದಲೇ ಹಾರುತ್ತಿತ್ತು. ಗೇಟು ಒಂದೇ ಒಂದು ಸಲ ತೆರೆದುಳಿದರೂ ಕಥೆ ಮುಗಿಯಿತು. ಮಗಳ ಗೆಳತಿಯರು ದಿನಕ್ಕೆ ಹತ್ತು ಸಲ ಬಂದು ಹೋಗುವ ಮನೆ ನಮ್ಮದು. ಅಳುತ್ತಲೇ ವಾಪಸ್ ಬಿಟ್ಟು ಬಂದೆವು. ತೋಟ, ಹೊಲ ಇದ್ದವರು ಖಂಡಿತ ಇದನ್ನೇ ಸಾಕಿ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರದ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಮರಿ ಬೇಕಾದವರು ಮೊದಲು ಅಲ್ಲಿ ವಿಚಾರಿಸಿ.

ಏಪ್ರಿಲ್‌ನಲ್ಲಿ ಬ್ರೂನೋ ಬಂದ. ಗೆಳತಿಯ ಲ್ಯಾಬ್ರಡಾರ್, ನಾಲ್ಕು ವರ್ಷ, 34 ಕಿಲೋ. ಹೊಸ್ತಿಲು ದಾಟಿದ ಐದು ನಿಮಿಷಕ್ಕೇ ನಮ್ಮವನಾದ. ಮಗಳು ಬಾಲ ಹಿಡಿದರೂ ಸುಮ್ನೆ ಇರ್ತಿದ್ದ, ಗ್ಯಾಸ್ ಸಿಲಿಂಡರಿನವನಿಗೂ ಕೈ ಕೊಡ್ತಿದ್ದ. ಗೇಟು ತೆರೆದಿದ್ದರೆ ಹೊರಗೆ ಹೋಗಿ, ಮತ್ತೆ ತಾನೇ ಒಳಗೆ ಬರ್ತಿದ್ದ. ನಮ್ಮ ನಡವಳಿಕೆಯ ತಪ್ಪನ್ನೆಲ್ಲ ಲ್ಯಾಬ್ರಡಾರ್ ಕ್ಷಮಿಸುತ್ತದೆ. ಆದರೆ ತಿನ್ನೋ ವಿಷಯದಲ್ಲಿ ನಾವು ತಪ್ಪಿದರೆ ಅದರ ಮೈ ತಡೆಯಲ್ಲ.

ಅತ್ತೆ ಅಂಟಿನ ಉಂಡಿ ಮಾಡಿ ಆರಲಿ ಅಂತ ತಟ್ಟೆಯನ್ನು ಸ್ಟೂಲಿನ ಮೇಲೆ ಇಟ್ಟಿದ್ದರು. ಎತ್ತಿಡೋ ಕೆಲಸ ನನ್ನದು, ನಾನು ಮರೆತೆ. ಬ್ರೂನೋ ಏಳು ಉಂಡಿ ನುಂಗಿದ. ಕೊಬ್ಬರಿ, ಉತ್ತತ್ತಿ ಸರಿ, ಅದರಲ್ಲಿ ಒಣದ್ರಾಕ್ಷಿ ಇತ್ತಲ್ಲ! ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲವು ಅಂತ ಅದೃಷ್ಟಕ್ಕೆ ಗೆಳತಿ ಬರೆದಿಟ್ಟ ಚೀಟಿಯಲ್ಲಿತ್ತು. ಈರುಳ್ಳಿ, ಚಾಕೊಲೇಟ್ ಕೂಡ ಅದೇ ಪಟ್ಟಿಯಲ್ಲಿದ್ದವು. ತಕ್ಷಣ ಪಶುವೈದ್ಯರ ಹತ್ತಿರ ಓಡಿದೆವು. ಸೂಜಿ ಕೊಟ್ಟು ವಾಂತಿ ಮಾಡಿಸಿದರು. ಆಮೇಲೆ ರಕ್ತಪರೀಕ್ಷೆ, ಎರಡು ದಿನ ಸಲೈನ್. ಅವನಿಗೆ ಏನೂ ಆಗಲಿಲ್ಲ. ಅತ್ತೆ ಮಾತ್ರ ಆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈ ಹಸಿವು ಅವನ ದುರಾಸೆ ಅಲ್ಲ. ನಾಲ್ಕರಲ್ಲಿ ಸುಮಾರು ಒಂದು ಲ್ಯಾಬ್ರಡಾರ್‌ಗೆ ಹಸಿವಿಗೆ ಸಂಬಂಧಪಟ್ಟ ಒಂದು ಜೀನಿನ ತುಂಡೇ ಇರಲ್ಲ ಅಂತ ಕೇಂಬ್ರಿಡ್ಜ್ ಸಂಶೋಧಕರು 2016ರಲ್ಲಿ ತೋರಿಸಿದ್ದಾರೆ. ತೂಕ ಏರಿದರೆ ಸೊಂಟದ ಕೀಲಿನ ತೊಂದರೆ ಜಾಸ್ತಿಯಾಗುತ್ತೆ, ಅದು ಈ ತಳಿಗೆ ಮೊದಲೇ ಇರುವ ಕಾಟ. ಮರಿ ಕೊಳ್ಳುವವರು ತಾಯಿ, ತಂದೆ ನಾಯಿಗಳ ಸೊಂಟದ ಎಕ್ಸ್‌ರೇ ಕೇಳಲೇಬೇಕು. ಇನ್ನು ಕೂದಲು. ದಿನಾ ಗುಡಿಸಿದರೂ ಸಾರಿನ ಪಾತ್ರೆಯಲ್ಲಿ ಒಂದೆಳೆ. ಬಿಸಿಲಿಗೆ ಬಚ್ಚಲುಮನೆಯ ನೆಲ ಬಿಟ್ಟು ಏಳುತ್ತಿರಲಿಲ್ಲ. ಚೀಲದ ಆಹಾರಕ್ಕೇ ತಿಂಗಳಿಗೆ ಐದು ಸಾವಿರದ ಹತ್ತಿರ ಅಂತ ಗೆಳತಿ ಲೆಕ್ಕ ಕೊಟ್ಟಳು. ಹಗಲು ಮನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು ಇದ್ದಿದ್ದರೆ ಬಹುಶಃ ಲ್ಯಾಬ್ರಡಾರನ್ನೇ ತರುತ್ತಿದ್ದೆವು. ಅವನು ಪ್ರೀತಿಯಿಂದ ಮೈಮೇಲೆ ಬಿದ್ದರೂ ಅತ್ತೆಯ ಕಾಲು ತಡೆಯುತ್ತಿರಲಿಲ್ಲ.

ಜೂನ್ ಮೊದಲ ವಾರ ಬಂದದ್ದು ನಾಟಿ ನಾಯಿ. ಬೀದಿ ನಾಯಿಗಳಿಗೆ ಆರೈಕೆ ಮಾಡುವ ನಮ್ಮ ಬಡಾವಣೆಯ ಹುಡುಗಿ ತಂದುಕೊಟ್ಟಳು. ಸುಮಾರು ಒಂದೂವರೆ ವರ್ಷದ್ದು, ಬೆಲ್ಲದ ಬಣ್ಣ. ಸಂತಾನಹರಣ ಆಗಿದೆ ಅನ್ನೋ ಗುರುತಿಗೆ ಕಿವಿಯ ತುದಿ ಕತ್ತರಿಸಿದ್ದರು. ಬೆಲ್ಲ ಅಂತಲೇ ಕರೆದೆವು. ಚೂಟಿಯ ಗಾಂಭೀರ್ಯ ಇಲ್ಲ, ಬ್ರೂನೋನ ಸಲಿಗೆ ಇಲ್ಲ. ಬಂದವಳೇ ಮಂಚದ ಕೆಳಗೆ ನುಗ್ಗಿದಳು.

ಎರಡನೇ ದಿನ ನನಗೆ ತಾಳ್ಮೆ ಕೆಟ್ಟಿತು. ಕೈ ಹಾಕಿ ಹೊರಗೆಳೆದೆ. ಹಲ್ಲು ತೋರಿಸಿ ಗುರ್ ಅಂದಳು, ಕೈ ಕಚ್ಚಲಿಲ್ಲ. ಆಮೇಲೆ ನಾಲ್ಕು ದಿನ ನನ್ನ ಹೆಜ್ಜೆ ಸಪ್ಪಳಕ್ಕೇ ಮುದುರಿಕೊಳ್ಳುತ್ತಿದ್ದಳು. ಅತ್ತೆ ನನ್ನ ಹಾಗೆ ಮಾಡಲಿಲ್ಲ. ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಾ ಕೂತರು. ಮಾತಾಡಿಸಲಿಲ್ಲ, ನೋಡಲೂ ಇಲ್ಲ. ರೊಟ್ಟಿಯ ಚೂರು ಪಾದದ ಹತ್ತಿರ ಇಟ್ಟಿರುತ್ತಿದ್ದರು. ಆರನೇ ದಿನ ಮಧ್ಯಾಹ್ನ ಮೂತಿ ಹೊರಗೆ ಬಂತು. ಎಂಟನೇ ದಿನ ಅವರ ಪಾದದ ಮೇಲೆ ಗದ್ದ ಇಟ್ಟು ಮಲಗಿದಳು. ಆಫೀಸಿಗೆ ಅತ್ತೆ ಕಳಿಸಿದ ಆ ಫೋಟೋದಲ್ಲಿ ಅರ್ಧ ಅವರ ಸೀರೆಯ ಅಂಚು, ಅರ್ಧ ಒಂದು ಬೆಲ್ಲದ ಬಣ್ಣದ ಕಿವಿ.

ನಾಟಿಗೆ ಕಾಯಿಲೆ ಬರೋದೇ ಇಲ್ಲ ಅಂತಾರೆ, ಅದನ್ನು ನಂಬಬೇಡಿ. ಬೆಲ್ಲಳ ಮೈಯಲ್ಲಿ ಉಣ್ಣಿ ಇದ್ದವು. ರಕ್ತ ನೋಡಿಸಿದಾಗ ಉಣ್ಣಿ ಜ್ವರ ಅಂತ ಬಂತು, ನಾಲ್ಕು ವಾರ ಮಾತ್ರೆ ನುಂಗಿಸಿದೆವು. ರೇಬೀಸ್ ಲಸಿಕೆ, ಜಂತಿನ ಔಷಧಿ ಯಾವ ತಳಿಗೂ ತಪ್ಪಿದ್ದಲ್ಲ. ರಾತ್ರಿ ಸಣ್ಣ ಸದ್ದಿಗೂ ಬೊಗಳುತ್ತಾಳೆ, ಅದಕ್ಕೆ ಪಕ್ಕದ ಮನೆಯವರ ಹತ್ತಿರ ಮಾತಾಡಬೇಕಾಯಿತು. ಆದರೆ ಅನ್ನ, ಮೊಟ್ಟೆ, ಬೇಯಿಸಿದ ಕೋಳಿ, ಕುಂಬಳಕಾಯಿ ಇಷ್ಟರಲ್ಲಿ ತಿಂಗಳು ಕಳೆಯುತ್ತೆ. ಸೆಖೆ, ಮಳೆ ಎರಡೂ ಅವಳಿಗೆ ಹೊಸತಲ್ಲ. ಗೇಟು ತೆರೆದಿದ್ದರೂ ಹೊಸ್ತಿಲ ಮೇಲೆ ಕೂತು ರಸ್ತೆ ನೋಡ್ತಾಳೆ ಅಷ್ಟೇ. ಅವಸರ ಒಂದನ್ನು ಬಿಟ್ಟು ನಮ್ಮ ಬೇರೆಲ್ಲ ತಪ್ಪಿಗೂ ಅವಳು ಹೊಂದಿಕೊಂಡಳು. ಅವಸರ ಇಲ್ಲದ ಒಬ್ಬರು ನಮ್ಮ ಮನೆಯಲ್ಲಿದ್ದರು.

ಮೂರು ವಾರಕ್ಕೆ ಅಂತ ಬಂದ ಬೆಲ್ಲ ಈಗ ಎರಡು ವರ್ಷದಿಂದ ನಮ್ಮಲ್ಲೇ ಇದ್ದಾಳೆ. ಕಳೆದ ದೀಪಾವಳಿಗೆ ಮಾವ ಬಂದಾಗ ಅವಳನ್ನು ನೋಡಿ, "ಚೊಲೋ ಮಾಡೀರಿ" ಅಂದರು. ಚೂಟಿ ಮರಿ ಹಾಕಿದೆಯಂತೆ, ಒಂದು ಕೊಡಲೇ ಅಂತ ಮಗಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾವು ಕೊಂಡ ಸೈಟಿನಲ್ಲಿ ಮನೆ ಏಳುತ್ತಿದೆ, ಕಾಂಪೌಂಡು ಆರು ಅಡಿ ಎತ್ತರಿಸಿ ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಗೇಟಿಗೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಬೇಕು. ಅದೆಲ್ಲ ಆಗಲಿ, ಮುಂದಿನ ಸೂಲಿನಲ್ಲಿ ಒಂದು ಹೆಣ್ಣು ಮರಿ ಎತ್ತಿಡಿ ಮಾವ ಅಂದೆ.