ಲೇಬರ್ ಕಾನೂನು ಬದಲಾದರೆ ಯಾರನ್ನು ಕೇಳೋದು? ಆ್ಯಪ್, ಸಂಘದ ಸಭೆ, ಕನ್ಸಲ್ಟೆಂಟ್: ಮೂರನ್ನೂ ನೋಡಿದ ಮೇಲೆ

ಪೀಣ್ಯದಲ್ಲಿ ನಮ್ಮದು 28 ಜನರ ಮಷಿನ್ ಶಾಪ್. ಮೊದಲೇ ಹೇಳಿಬಿಡುತ್ತೇನೆ, ನನಗೆ ಸರಿಹೋಗಿದ್ದು ಹತ್ತಿರದ ಬೀದಿಯಲ್ಲೇ ಇರುವ ಪಿಎಫ್-ಇಎಸ್ಐ ಕನ್ಸಲ್ಟೆಂಟ್. ತಿಂಗಳಿಗೆ 3,500 ರೂಪಾಯಿ ಕೊಡುತ್ತೇನೆ.

ಅದಕ್ಕೂ ಮುಂಚೆ ಕಾನೂನು ಬದಲಾವಣೆ ತಿಳಿಸುವ ಒಂದು ಕಂಪ್ಲೈಯನ್ಸ್ ಆ್ಯಪ್‌ಗೆ ವರ್ಷಕ್ಕೆ 18,000 ಕಟ್ಟಿದ್ದೆ. ಸುದ್ದಿ ಬೇಗ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. 2025ರ ನವೆಂಬರ್ 21ಕ್ಕೆ ನಾಲ್ಕು ಲೇಬರ್ ಕೋಡ್ (ಹೊಸ ಕಾರ್ಮಿಕ ಕಾನೂನುಗಳು) ಜಾರಿಯಾದಾಗ ಅವತ್ತು ಸಂಜೆಯೇ ಮೇಲ್ ಬಂತು.

ತೊಂದರೆ ಆಗಿದ್ದು ಫೆಬ್ರವರಿಯಲ್ಲಿ. ನಮ್ಮ ರಾಜ್ಯದಲ್ಲಿ ಸಂಬಳ 25,000 ಮುಟ್ಟಿದವರಿಗೆ ಪಿ.ಟಿ., ಅಂದರೆ ವೃತ್ತಿ ತೆರಿಗೆ, ತಿಂಗಳಿಗೆ 200. 2025ರ ಏಪ್ರಿಲ್‌ನಿಂದ ಫೆಬ್ರವರಿಗೆ ಮಾತ್ರ 300 ಮಾಡಿದರು, ವರ್ಷಕ್ಕೆ ಒಟ್ಟು 2,500 ಆಗುತ್ತದೆ. ಇದರ ಬಗ್ಗೆ ಆ್ಯಪ್‌ನಿಂದ ಮೇಲ್ ಬಂದಿತ್ತು, ಆದರೆ ಬಂದಿದ್ದು ಹತ್ತು ತಿಂಗಳ ಹಿಂದೆ. ಬೇರೆ ರಾಜ್ಯಗಳ ಸುದ್ದಿಯ ನಡುವೆ ಒಂದೇ ಸಾಲು. ಫೆಬ್ರವರಿ ಸಂಬಳ ಮಾಡುವಾಗ ಒಂದು ನೆನಪೋಲೆಯೂ ಬರಲಿಲ್ಲ. ಒಂಬತ್ತು ಜನರಿಗೆ 200 ಮಾತ್ರ ಹಿಡಿದೆವು.

ಮಾರ್ಚ್‌ನಲ್ಲಿ ಉಳಿದ ನೂರು ಸೇರಿಸಿ ಹಿಡಿದಾಗ ನಮ್ಮ ಹಳೆ ಟರ್ನರ್ ಪೇ ಸ್ಲಿಪ್ ಹಿಡಿದುಕೊಂಡು ಬಂದರು. ಆ ಸಾಲಿನ ಮೇಲೆ ಬೆರಳಿಟ್ಟು, "ಸಾರ್, ಈ ತಿಂಗಳು ಯಾಕೆ ಜಾಸ್ತಿ?" ಎಂದರು. ನೂರು ರೂಪಾಯಿ ದೊಡ್ಡದಲ್ಲ. ಆದರೆ ಅವರು ಹದಿನಾರು ವರ್ಷದಿಂದ ಪ್ರತಿ ಸಾಲನ್ನೂ ಓದುವವರು. ನಮ್ಮ ತಪ್ಪಿಗೆ ಅವರು ಲೆಕ್ಕ ಕೇಳುವ ಹಾಗಾಯಿತಲ್ಲ ಅಂತ ಬೇಜಾರಾಯಿತು. ಒಬ್ಬ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟಿದ್ದ, ಲೆಕ್ಕ ಚುಕ್ತಾ ಆಗಿತ್ತು. ಅವನ ನೂರು ನಾನೇ ಕಟ್ಟಿದೆ.

ಕಾರ್ಖಾನೆ ಮಾಲೀಕರ ಸಂಘದ ಸಭೆಗಳು ಒಳ್ಳೆಯವು, ಸಂಶಯ ಕೇಳಬಹುದು. ಆದರೆ ಕೆಲವು ತಿಂಗಳಿಗೊಮ್ಮೆ ಮಾತ್ರ. ಗೆಜೆಟ್ ನಾನೇ ಓದೋದು ನನ್ನ ಕೈಲಾಗುವ ಕೆಲಸವಲ್ಲ.

ಕನ್ಸಲ್ಟೆಂಟ್ ಸಂಬಳಕ್ಕೆ ಮುಂಚೆ, 25ನೇ ತಾರೀಕಿನ ಹೊತ್ತಿಗೆ, ಕನ್ನಡದಲ್ಲಿ ಒಂದು ವಾಯ್ಸ್ ನೋಟ್ ಕಳಿಸುತ್ತಾರೆ: ಈ ತಿಂಗಳು ಏನು ಬದಲಾಗಿದೆ, ಯಾರಿಗೆ. ಏಪ್ರಿಲ್‌ನಲ್ಲಿ ಡಿಎ (ತುಟ್ಟಿಭತ್ಯೆ) ಬದಲಾದದ್ದು ಹಾಗೇ ಗೊತ್ತಾಯಿತು. ಹೊಸ ಕೋಡ್‌ನ ವೇಜಸ್ (ಪಿಎಫ್, ಗ್ರಾಚುಟಿಗೆ ಹಿಡಿಯುವ ಸಂಬಳ) ಲೆಕ್ಕವನ್ನು ನಮ್ಮ ರಿಜಿಸ್ಟರ್ ತೆರೆದು ಪೆನ್ಸಿಲ್‌ನಲ್ಲಿ ತೋರಿಸಿದರು. ಸೂಪರ್‌ವೈಸರ್ ಸಂಬಳ 40,000, ಅದರಲ್ಲಿ ಬೇಸಿಕ್-ಡಿಎ 16,000, ಉಳಿದ 24,000 ಭತ್ಯೆ. ಭತ್ಯೆ ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ 4,000 ವೇಜಸ್‌ಗೆ ಸೇರುತ್ತದೆ. ಅಂದರೆ ಗ್ರಾಚುಟಿ ಇನ್ನು 20,000ದ ಮೇಲೆ. ನಾವು ಪಿಎಫ್ ಕಟ್ಟೋದು 15,000ದ ಮಿತಿಗೆ, ಹಾಗಾಗಿ ಅದು ಬದಲಾಗಲ್ಲ. ಇಷ್ಟು ಸಲೀಸಾಗಿ ಆ್ಯಪ್‌ನ ಯಾವ ಮೇಲ್ ಕೂಡ ನನಗೆ ಹೇಳಿರಲಿಲ್ಲ.

ಒಂದು ಕೊರತೆ ಇದೆ. ಪಿಎಫ್ ಚಲನ್‌ಗೆ 15 ಕೊನೇ ದಿನ ಅಲ್ವಾ, 10ರಿಂದ 15ರವರೆಗೆ ಅವರು ಫೋನ್ ಎತ್ತಲ್ಲ. ಇನ್ನು, ಅವರು ಹೇಳಿದ್ದಕ್ಕೆಲ್ಲ ಆದೇಶದ ಪ್ರತಿ ಕೇಳಿ ಫೈಲ್ ಮಾಡಿಟ್ಟುಕೊಳ್ಳುತ್ತೇನೆ. ನೀವೂ ಕೇಳಿ.

ವರ್ಷಕ್ಕೆ 42,000, ಆ್ಯಪ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ನಾಲ್ಕು ರಾಜ್ಯದಲ್ಲಿ ಬ್ರಾಂಚ್ ಇದ್ದು, ಮೇಲ್ ಓದೋಕೆ ಒಬ್ಬ ಎಚ್‌ಆರ್ ಇದ್ದರೆ ಆ್ಯಪ್ ತಗೊಳ್ಳಿ. ನಾನು ಇಡೀ ದಿನ ಮಷಿನ್ ಹತ್ತಿರ ಇರುವವನು, ಕಿವಿಯಲ್ಲಿ ಕೇಳಿದ್ದೇ ನೆನಪಿರೋದು. ಮುಂದಿನ ಫೆಬ್ರವರಿಯ ಪುಟದಲ್ಲಿ ಅವರು ಈಗಲೇ ಕೆಂಪು ಇಂಕಿನಲ್ಲಿ 300 ಅಂತ ಬರೆದಿಟ್ಟಿದ್ದಾರೆ.