ಆಯಿಯ ಗಿನ್ನಿ ತೂಗಿದ ಪುಟ್ಟ ತಕ್ಕಡಿ

ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ದುರ್ಗದ ಬೈಲ್ ಹತ್ತಿರದ ಅಂಗಡಿಯೊಂದರಲ್ಲಿ ಕಿಸೆಯಲ್ಲಿ ಹಿಡಿಯುವಂಥ ಡಿಜಿಟಲ್ ತಕ್ಕಡಿ ತಂದೆ. 650 ರೂಪಾಯಿ. 200 ಗ್ರಾಂವರೆಗೆ ತೂಗುತ್ತದೆ, ಪಾಯಿಂಟ್ ಆದಮೇಲೆ ಎರಡು ಅಂಕಿ ತೋರಿಸುತ್ತದೆ. ಕಂಪನಿ ಹೆಸರು ಬೇಡ, ಬೈಯುವುದೂ ಇದೆ.

ನನ್ನ ಹತ್ತಿರ ಇರುವುದು ಮೂರೇ ಹಳೆ ಬಂಗಾರದ ನಾಣ್ಯ. ಅದರಲ್ಲಿ ಆಯಿ ಕೊಟ್ಟದ್ದು ಐದನೇ ಜಾರ್ಜ್ ರಾಜನ ತಲೆ ಇರುವ ಸವರನ್ ಎಂಬ ಬ್ರಿಟಿಷ್ ನಾಣ್ಯ, 1918ರದು. ಮನೆಯಲ್ಲಿ ಎಲ್ಲರೂ ಅದಕ್ಕೆ ಗಿನ್ನಿ ಅಂತಾರೆ. ನಿಜವಾದ ಗಿನ್ನಿ ಬೇರೆ, ಅದಕ್ಕಿಂತ ಹಳೆಯದು. ಆದರೆ ಆಯಿಗೆ ಅದನ್ನು ಹೇಳುವವರು ಯಾರು? ಹಿಂಬದಿ ಕುದುರೆ ಮೇಲೆ ಕೂತ ಸಂತ ಜಾರ್ಜ್. ಕೆಳಗಿನ ನೆಲದ ಗೆರೆಯಲ್ಲಿ, ಇಸವಿಯ ಮೇಲೆ, ಭೂತಗನ್ನಡಿ ಹಿಡಿದರೆ ಇಂಗ್ಲಿಷಿನ 'ಐ' ಅಕ್ಷರ. ಅಂದರೆ ಲಂಡನ್ನಿನದಲ್ಲ, ಬಾಂಬೆ ಟಂಕಸಾಲೆಯದು. ಅಲ್ಲಿ ಸವರನ್ ಹೊಡೆದದ್ದು ಆ ಒಂದೇ ವರ್ಷದ ಇಸವಿ ಹಾಕಿ.

ಡಬ್ಬಿಯಲ್ಲಿ ಪರೀಕ್ಷೆಗೆ ತೂಕದ ಬಟ್ಟು ಕೊಟ್ಟಿಲ್ಲ. ಇದು ಮೊದಲ ಸಿಟ್ಟು. 2011ರ ನಮೂನೆಯ ಒಂದು ರೂಪಾಯಿ ನಾಣ್ಯ ಇಟ್ಟು ನೋಡಿದೆ. 3.79 ಬರಬೇಕು, 3.78 ಬಂತು. ಸಾಕು. ಮಜಾ ಏನೆಂದರೆ ಆ ರೂಪಾಯಿ ಮತ್ತು ಸವರನ್ ಅಗಲದಲ್ಲಿ ಹೆಚ್ಚುಕಡಿಮೆ ಒಂದೇ, 22 ಮಿಲಿಮೀಟರ್. ತೂಕ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಎರಡನ್ನೂ ಅಂಗೈಯಲ್ಲಿ ಇಟ್ಟರೆ ತಕ್ಕಡಿಯೇ ಬೇಡ ಅನಿಸುತ್ತದೆ.

ಸವರನ್ 7.99 ಗ್ರಾಂ ಇರಬೇಕು. ಸವೆದರೆ ಕಡಿಮೆ ಆಗುತ್ತದೆ, ಜಾಸ್ತಿಯಂತೂ ಆಗಲ್ಲ ಅಲ್ವಾ? ಆಯಿಯದು 8.04 ತೋರಿಸಿತು! ಎದೆ ಧಸಕ್ಕೆಂದಿತು. ಫ್ಯಾನ್ ಆರಿಸಿ ಮತ್ತೆ ತೂಗಿದೆ, ಅಷ್ಟೇ. ಆಮೇಲೆ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ನಾಣ್ಯಕ್ಕೆ ದಾರ ಕಟ್ಟಿ, ತಳ ಮುಟ್ಟದಂತೆ ನೀರಲ್ಲಿ ಮುಳುಗಿಸಿ ಹಿಡಿದೆ. 0.46 ಬಂತು, ಅಂದರೆ ನಾಣ್ಯ ಸರಿಸಿದ ನೀರಿನ ತೂಕ. 8.04ನ್ನು ಅದರಿಂದ ಭಾಗಿಸಿದರೆ ಹದಿನೇಳೂವರೆ, ನೀರಿಗಿಂತ ಅಷ್ಟು ಪಟ್ಟು ಭಾರ. 22 ಕ್ಯಾರೆಟ್‌ಗೆ ಸರಿಹೊಂದುತ್ತದೆ. ಹಿತ್ತಾಳೆ ಆಗಿದ್ದರೆ ಎಂಟೂವರೆ ಸುತ್ತ ಬರುತ್ತಿತ್ತು.

ಈ ನೀರಿನ ಆಟದಲ್ಲೇ ತಕ್ಕಡಿಯ ದೊಡ್ಡ ತೊಂದರೆ ಗೊತ್ತಾದದ್ದು. ಒಂದು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ದಾರ ಅಲುಗಾಡುವುದು ನಿಲ್ಲುವಷ್ಟರಲ್ಲಿ ಪರದೆ ಕಪ್ಪು. ಮೂರು ಸಲ ಮೊದಲಿಂದ ಮಾಡಿದೆ. ಗಾಳಿಗೂ ಅಂಕಿ ಕುಣಿಯುತ್ತದೆ. ಮುಚ್ಚಳ ಬೇರೆ ಸಡಿಲ.

ಹಾಗಾದರೆ ಆ ಹೆಚ್ಚಿನ ತೂಕ ಎಲ್ಲಿಂದ? ರಾಜನ ತಲೆಯ ಮೇಲಿನ ಅಂಚು ನೋಡಿದರೆ ಅಂಚಿನ ಸುತ್ತ ಇರುವ ಗೀರುಗಳು ಅಲ್ಲಿ ಮಾತ್ರ ಇಲ್ಲ, ಎಳ್ಳಿನಷ್ಟು ಗಂಟು. ಆಯಿ ಇದನ್ನು ಸರದಲ್ಲಿ ಹಾಕಿಕೊಳ್ಳುತ್ತಿದ್ದಳು. ಕೊಂಡಿ ತೆಗೆದರೂ ಬೆಸುಗೆ ಉಳಿದಿದೆ. ಹಳೆ ನಾಣ್ಯ ಕೊಳ್ಳುವವರು ಇದನ್ನು ತಕ್ಕಡಿಗಿಂತ ಮೊದಲು ಕಣ್ಣಿನಿಂದ ಹುಡುಕಬೇಕು. ತಕ್ಕಡಿಗೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದೂ ಬೆಲೆ ನೋಡಿ.

ಬೆಸುಗೆ ತೆಗೆಸೋಣ ಅಂತ ಗದಗಿಗೆ ವಾಪಸ್ ಬಂದ ಮೇಲೆ ನಮ್ಮ ಪತ್ತಾರರ ಹತ್ತಿರ ಒಯ್ದಿದ್ದೆ. ತಿರುಗಿಸಿ ತಿರುಗಿಸಿ ನೋಡಿದರು. "ಕೆರದ್ರ ಕೆಳಗಿನ ಬಂಗಾರನೂ ಹೋಗ್ತೈತ್ರಿ ಅಕ್ಕಾರ, ಹಂಗ ಇರ್ಲಿ ಬಿಡ್ರಿ" ಅಂದರು. ಬಿಟ್ಟೆ.