ಕೊಳದ ಪಂಪು ರಿವ್ಯೂ: ಡಬ್ಬದ ಮೇಲೆ 2000 ಲೀಟ್ರು, ಬಕೆಟ್‌ಗೆ ಬೀಳೋದು ಸಾವಿರ

ಮನೆ ಮುಂದೆ ಪುಟ್ಟ ಕೊಳ ಮಾಡ್ಕೊಂಡು ಎರಡು ನೈದಿಲೆ ಇಟ್ಟು ಗಪ್ಪಿ ಮೀನು ಬಿಟ್ಟಿರೋರು ಬೆಂಗ್ಳೂರಲ್ಲಿ ಬೇಕಾದಷ್ಟು ಜನ ಇದಾರೆ, ಆದ್ರೆ ಪಂಪು ತಗೊಳೋಕೆ ಹೋದಾಗ ಎಲ್ರೂ ಕೇಳೋದು ಒಂದೇ, ಎಷ್ಟು ವ್ಯಾಟು, ಎಷ್ಟು ಲೀಟ್ರು ಅಂತ. ಅದು ಅರ್ಧ ಪ್ರಶ್ನೆ ಅಷ್ಟೇ. ನೀರು ಎಷ್ಟು ಎತ್ತರಕ್ಕೆ ಏರ್ಬೇಕು, ಯಾವ ಸೈಜ್ ಪೈಪಲ್ಲಿ ಹೋಗ್ಬೇಕು ಅನ್ನೋದನ್ನ ಮನೇಲೇ ನೋಡ್ಕೊಂಡು ಹೋಗಿಲ್ಲ ಅಂದ್ರೆ ಅಂಗಡಿಯವ್ನು ಕೊಟ್ಟಿದ್ದೇ ಪಂಪು.

ನಾನು ತಂದಿರೋದು 40 ವ್ಯಾಟಿನ ಸಬ್‌ಮರ್ಸಿಬಲ್, ಅಂದ್ರೆ ನೀರೊಳಗೇ ಮುಳುಗಿಸಿ ಇಡೋ ಪಂಪು, ಶಿವಾಜಿನಗರದ ಅಕ್ವೇರಿಯಂ ಅಂಗಡಿಲಿ, ಎಂಟ್ನೂರು ಚಿಲ್ಲರೆ ಆಯ್ತು. ಕಂಪನಿ ಹೆಸರು ಹಾಕ್ತಿಲ್ಲ, ಹಾಕಿದ್ರೂ ಪ್ರಯೋಜನ ಇಲ್ಲ, ಇದೇ ಕಪ್ಪು ಬಾಡಿ ಇದೇ ಜಾಲರಿ ನಾಲ್ಕೈದು ಹೆಸರಲ್ಲಿ ಬರತ್ತೆ, ಸ್ಟಿಕ್ಕರ್ ಮಾತ್ರ ಬೇರೆ. ನೋಡ್ಬೇಕಾಗಿರೋದು ಡಬ್ಬದ ಮೇಲಿರೋ ಎರಡು ನಂಬರು. ಇದ್ರಲ್ಲಿ ಕ್ಯೂ ಮ್ಯಾಕ್ಸ್, ಅಂದ್ರೆ ಹೆಚ್ಚಂದ್ರೆ ಎಷ್ಟು ನೀರು ಅನ್ನೋದು, 2000 ಲೀಟರ್ ಗಂಟೆಗೆ, ಎಚ್ ಮ್ಯಾಕ್ಸ್, ಅಂದ್ರೆ ಹೆಚ್ಚಂದ್ರೆ ಎಷ್ಟು ಎತ್ತರ ಅನ್ನೋದು, 2 ಮೀಟರ್. ತಮಾಷೆ ಏನಂದ್ರೆ ಇವೆರಡೂ ಒಟ್ಟಿಗೆ ಯಾವತ್ತೂ ಸಿಗಲ್ಲ. 2000 ಲೀಟ್ರು ಬರೋದು ನೀರನ್ನ ಒಂದಿಂಚೂ ಮೇಲೆತ್ತದೆ ಇದ್ದಾಗ, 2 ಮೀಟರ್ ಮುಟ್ಟೋ ಹೊತ್ತಿಗೆ ಪೈಪ್ ಬಾಯಲ್ಲಿ ನೀರು ಬಂದು ನಿಂತಿರತ್ತೆ, ಹೊರಗೆ ಬೀಳೋದು ಸೊನ್ನೆ. ಬೈಕ್ ಕಂಪನಿಯವ್ರು ಹೇಳೋ ಮೈಲೇಜ್ ಥರ, ಸುಳ್ಳಲ್ಲ, ಆದ್ರೆ ನಮ್ಮ ರೋಡಿಗಲ್ಲ.

ನಮ್ಮ ಕೊಳ 6 ಅಡಿ ಉದ್ದ, 4 ಅಡಿ ಅಗಲ, 2 ಅಡಿ ಆಳ, ಅಂದ್ರೆ 48 ಘನ ಅಡಿ, ಒಂದು ಘನ ಅಡಿಗೆ 28.3 ಲೀಟ್ರು ಹಿಡಿದ್ರೆ ಹತ್ರ ಹತ್ರ 1360 ಲೀಟ್ರು. ಮೀನಿರೋ ಕೊಳದಲ್ಲಿ ಎರಡು ಗಂಟೆಗೊಂದ್ಸಲನಾದ್ರೂ ಪೂರ್ತಿ ನೀರು ತಿರುಗ್ಬೇಕು ಅಂತಾರೆ, ಕೋಯಿ ಮೀನು ಸಾಕೋರು ಗಂಟೆಗೊಂದ್ಸಲ ತಿರುಗಿಸ್ತಾರೆ, ಅವು ತಿನ್ನೋದೂ ಜಾಸ್ತಿ ಗಲೀಜೂ ಜಾಸ್ತಿ. ನಮಗೆ ಗಪ್ಪಿ, ಹಾಗಾಗಿ ಗಂಟೆಗೆ 700 ಲೀಟ್ರು ನಿಜವಾಗ್ಲೂ ಬಿದ್ರೆ ಸಾಕು. ನೀರು ಬೀಳೋ ಕಲ್ಲು ನೀರಿನ ಮಟ್ಟದಿಂದ 3 ಅಡಿ ಮೇಲಿದೆ. ಇಲ್ಲಿ ಗಮನಿಸಿ, ಎತ್ತರ ಅಳೀಬೇಕಾಗಿರೋದು ಕೊಳದ ನೀರಿನ ಮಟ್ಟದಿಂದ, ಪಂಪು ಕೂತಿರೋ ತಳದಿಂದ ಅಲ್ಲ, ಯಾಕಂದ್ರೆ ಅಷ್ಟು ಮಟ್ಟದವರೆಗೆ ಪೈಪೊಳಗೂ ನೀರು ತಾನಾಗೇ ಏರಿರತ್ತೆ. ಅಂಗಡೀಲಿ ಆ ಹುಡುಗ "ಸಾರ್ ಆಳ ಎರಡಡಿ ಸೇರ್ಸಿ ಐದಡಿ ಆಯ್ತು, ದೊಡ್ಡದೇ ತಗೊಂಬಿಡಿ" ಅಂದ. ಬೇಡಪ್ಪ ಅಂದೆ.

ಬಕೆಟ್ ಟೆಸ್ಟ್ ಮಾಡ್ದೆ. 10 ಲೀಟರ್ ಬಕೆಟ್ ಕಲ್ಲಿನ ಕೆಳಗೆ ಹಿಡಿದು ಮೊಬೈಲಲ್ಲಿ ಟೈಮ್ ನೋಡಿದ್ರೆ 36 ಸೆಕೆಂಡಿಗೆ ತುಂಬ್ತು, ಅಂದ್ರೆ ಗಂಟೆಗೆ 1000 ಲೀಟ್ರು. ಡಬ್ಬದಲ್ಲಿರೋದ್ರ ಅರ್ಧ, ನಮಗೆ ಬೇಕಾಗಿದ್ದಕ್ಕಿಂತ ಸ್ವಲ್ಪ ಜಾಸ್ತಿ, ಕರೆಕ್ಟಾಗಿದೆ. ಇದು ಒಂದಿಂಚಿನ ಹೋಸ್ ಹಾಕಿದ್ದಕ್ಕೆ ಬಂದ ಲೆಕ್ಕ. ಪಂಪಿನ ಜೊತೆ ಡಬ್ಬದಲ್ಲೇ ಅರ್ಧ ಇಂಚಿನ ನಾಝಲ್ ಕೊಟ್ಟಿರ್ತಾರೆ, ಅದಕ್ಕೆ ಗಾರ್ಡನ್ ಪೈಪ್ ಸಿಕ್ಕಿಸಿ ನೋಡಿದ್ರೆ ಅದೇ ಬಕೆಟ್ ತುಂಬೋಕೆ ಒಂದು ನಿಮಿಷದ ಮೇಲೆ ಹಿಡೀತು. ಪಂಪು ಅದೇ, ಕರೆಂಟ್ ಅದೇ, ನೀರು ಮಾತ್ರ ಹತ್ರ ಹತ್ರ ಅರ್ಧಕ್ಕರ್ಧ ಕಮ್ಮಿ. ಒಂದಿಂಚಿನ ಪೈಪಿನ ಬಾಯಿ ಅರ್ಧ ಇಂಚಿಂದಕ್ಕಿಂತ ನಾಲ್ಕು ಪಟ್ಟು ದೊಡ್ಡದು, ಸಣ್ಣ ಪೈಪಲ್ಲಿ ನೀರು ಗೋಡೆಗೆ ಉಜ್ಕೊಂಡು ಹೋಗೋದ್ರಲ್ಲೇ ಪಂಪಿನ ಶಕ್ತಿ ಮುಗಿದೋಗತ್ತೆ, ಅದ್ರ ಮೇಲೆ ಪೈಪ್ ತಿರುಗಿಸೋಕೆ ನಾಲ್ಕು ಎಲ್ಬೋ ಹಾಕ್ಬಿಟ್ರೆ ಕೇಳ್ಲೇಬೇಡಿ. ನೀರು ಸಾಲ್ತಿಲ್ಲ ಅಂತ ದೊಡ್ಡ ಪಂಪು ತರೋ ಮುಂಚೆ ಪೈಪು ಬದಲಾಯ್ಸಿ ನೋಡಿ, ದುಡ್ಡು ಉಳಿಯತ್ತೆ.

ಇನ್ನು ಹಾಳೆ ಥರ ಅಗಲವಾಗಿ ನೀರು ಬೀಳ್ಬೇಕು ಅಂದ್ರೆ ಕಲ್ಲಿನ ತುದಿ ಅಗಲಕ್ಕೆ ಇಂಚಿಗೆ ಗಂಟೆಗೆ ಸುಮಾರು 400 ಲೀಟ್ರು ಬೇಕು. ಒಂದಡಿ ಅಗಲ ಬಿಟ್ಕೊಂಡು 40 ವ್ಯಾಟ್ ಹಾಕಿದ್ರೆ ಕಲ್ಲು ಒದ್ದೆ ಆಗತ್ತೆ ಅಷ್ಟೇ. ನಾವು ಎರಡೂವರೆ ಇಂಚಿಗೆ ನಿಲ್ಸಿದ್ವಿ. ನೈದಿಲೆ ಕುಂಡನ ಇದ್ರಿಂದ ದೂರ ಇಡಿ, ಎಲೆ ಮೇಲೆ ನೀರು ಚಿಮ್ಮೋದು, ಬುಡದಲ್ಲಿ ನೀರು ಓಡೋದು ಅದಕ್ಕೆ ಆಗ್ಬರಲ್ಲ, ಹೂ ಬಿಡೋದೇ ನಿಲ್ಸತ್ತೆ.

ಕೂಲರ್ ಪಂಪು ಇನ್ನೂರು ರೂಪಾಯಿಗೆ ಸಿಗತ್ತಲ್ಲ ಅಂತ ಕೇಳೋರಿಗೆ, ಸಿಗತ್ತೆ, ನೋಡೋಕೂ ಇದೇ ಥರ ಇರತ್ತೆ, ಆದ್ರೆ ಅದು ಬೇಸಿಗೇಲಿ ಕೂಲರೊಳಗೆ ಓಡೋಕೆ ಮಾಡಿರೋದು, ವರ್ಷಪೂರ್ತಿ ಹಗಲೂ ರಾತ್ರಿ ಪಾಚಿ ನೀರಲ್ಲಿ ಓಡೋಕಲ್ಲ. ನಮ್ಮ ಬೀದೀಲೇ ಒಬ್ರು ಅಂಕಲ್ ಸಂಪಿಂದ ತೆಗೆದ ಅರ್ಧ ಎಚ್‌ಪಿ ಓಪನ್‌ವೆಲ್ ಮೋಟರ್ ಕೊಳಕ್ಕೆ ಬಿಟ್ಟಿದಾರೆ, ನೀರು ಜೋಗದ ಥರ ಬೀಳತ್ತೆ ಸರಿ, ಆದ್ರೆ ಅರ್ಧ ಎಚ್‌ಪಿ ಅಂದ್ರೇನೇ 373 ವ್ಯಾಟು, ಎಳ್ಯೋದು ಇನ್ನೂ ಜಾಸ್ತಿ, ದಿನಾ ಪೂರ್ತಿ ಓಡಿಸಿದ್ರೆ 9 ಯೂನಿಟ್ ಮೇಲೆ. ನನ್ನ 40 ವ್ಯಾಟಿಂದು ದಿನಕ್ಕೆ ಒಂದು ಯೂನಿಟ್ಟು, ತಿಂಗಳಿಗೆ 29. ಸರ್ಕಾರದ ಫ್ರೀ ಕರೆಂಟ್ ಸ್ಕೀಮು ಗೃಹಜ್ಯೋತಿಲಿ ಇರೋರು ಇದನ್ನೂ ಲೆಕ್ಕ ಹಾಕಿ, ತಿಂಗಳಿಗೆ ಈಗಾಗ್ಲೇ 180 ಯೂನಿಟ್ ಬರ್ತಿದ್ರೆ ಈ 29 ಸೇರಿ 200 ದಾಟತ್ತೆ, ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಬೇಕು. ಹಾಗಂತ ರಾತ್ರಿ ಆಫ್ ಮಾಡೋದು ಒಳ್ಳೇದಲ್ಲ, ಕತ್ತಲಾದ್ಮೇಲೆ ಗಿಡ ಪಾಚಿ ಎಲ್ಲಾ ಆಮ್ಲಜನಕ ಬಿಡೋದು ನಿಲ್ಸಿ ತಾವೇ ಎಳ್ಕೊಳ್ತವೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡೋದು ಅದಕ್ಕೇ. ಆಫ್ ಮಾಡ್ಲೇಬೇಕು ಅಂದ್ರೆ ಮಧ್ಯಾಹ್ನ ಮಾಡಿ. ತೇಲೋ ಸೋಲಾರ್ ಕಾರಂಜಿ ಇದಕ್ಕೆ ಉಲ್ಟಾ, ಬ್ಯಾಟರಿ ಇಲ್ಲದ್ದು ಬಿಸಿಲಿದ್ದಾಗ ಮಾತ್ರ ಕುಣಿಯತ್ತೆ, ಬೇಕಾದ ಹೊತ್ತಿಗೆ ನಿದ್ದೆ.

ಪಂಪನ್ನ ತಳಕ್ಕೆ ಇಡದೆ ಇಟ್ಟಿಗೆ ಮೇಲೆ ಇಡಿ, ಕೆಸರು ಕಮ್ಮಿ ಎಳಿಯತ್ತೆ, ಜೊತೆಗೆ ಎಲ್ಲಾದ್ರೂ ಪೈಪ್ ಕಿತ್ಕೊಂಡು ನೀರೆಲ್ಲ ಅಂಗಳಕ್ಕೆ ಹೋದ್ರೂ ಮೀನಿಗೆ ಇಟ್ಟಿಗೆ ಎತ್ತರದಷ್ಟು ನೀರು ಉಳಿಯತ್ತೆ. ಗಪ್ಪಿ ಮರಿಗಳು ಜಾಲರಿ ಸಂದೀಲಿ ಒಳಗೆ ಹೋಗ್ತವೆ, ಸುತ್ತ ಸ್ಪಂಜು ಕಟ್ಲೇಬೇಕು, ಆ ಸ್ಪಂಜು ಪಾಚಿ ಹಿಡಿದು ಕಟ್ಕೊಂಡ್ರೆ ನೀರು ಮತ್ತೆ ಕಮ್ಮಿ. ಬೋರ್ ನೀರಿನ ಮನೆಗಳಲ್ಲಿ ಒಳಗಿನ ಶಾಫ್ಟಿಗೆ ಬಿಳೀ ಪೊರೆ ಕಟ್ಟಿ ಗೊರ್ ಅನ್ನೋಕೆ ಶುರು ಮಾಡತ್ತೆ, ಅದು ಮೋಟರ್ ಹೋಗಿರೋದಲ್ಲ, ಮುಂದಿನ ಮುಚ್ಚಳ ತೆಗೆದು ನೀರು ತಳ್ಳೋ ಪುಟ್ಟ ಫ್ಯಾನು, ಇಂಪೆಲ್ಲರ್ ಅಂತಾರೆ, ಅದನ್ನ ಎಳೆದು ವಿನೆಗರ್‌ನಲ್ಲೋ ನಿಂಬೆಹುಳಿ ನೀರಲ್ಲೋ ನೆನೆಸಿ ಹಳೇ ಬ್ರಷಲ್ಲಿ ಉಜ್ಜಿದ್ರೆ ಸರಿಹೋಗತ್ತೆ. ಈ ಪಂಪಲ್ಲಿ ಆಯಿಲ್ ಇಲ್ಲ, ಅದೂ ಒಂದು ನೆಮ್ಮದಿ, ಆಯಿಲ್ ತುಂಬಿರೋ ಮೋಟರ್ ಸೀಲ್ ಬಿಟ್ರೆ ಕೊಳ ಪೂರ್ತಿ ಹಾಳು.

ಬೇಜಾರಾಗಿದ್ದು ವೈರ್ ವಿಷ್ಯದಲ್ಲಿ. ಒಂದೂವರೆ ಮೀಟರ್ ಕೊಟ್ಟಿದಾರೆ, ಕೊಳದ ಅಂಚು ದಾಟೋ ಅಷ್ಟರಲ್ಲಿ ಮುಗೀತು. ನೀರೊಳಗೆ ಟೇಪ್ ಸುತ್ತಿ ಜಾಯಿಂಟ್ ಮಾಡೋ ಕೆಲ್ಸಕ್ಕೆ ಯಾರೂ ಹೋಗ್ಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಗೋಡೆ ಮೇಲೆ ಮಳೆ ಬೀಳದ ಕಡೆ ಬಾಕ್ಸ್ ಹಾಕ್ಸಿ, ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಲೀಕ್ ಆದ್ರೆ ತಾನಾಗೇ ಆಫ್ ಆಗೋ ಸ್ವಿಚ್ಚು, ಹಾಕ್ಸಿ, ಕೊಳಕ್ಕೆ ಕೈ ಹಾಕೋ ಮುಂಚೆ ಪ್ಲಗ್ ಕೀಳಿ. ನಮಗೆ ಪಂಪಿಗಿಂತ ಈ ವೈರಿಂಗಿಗೇ ಜಾಸ್ತಿ ಖರ್ಚಾಯ್ತು. ಅದಕ್ಕೇ ಐದಕ್ಕೆ ನಾಲ್ಕು ಸ್ಟಾರ್. 3 ಅಡಿ ಒಳಗಿನ ಎತ್ತರ, ಸಾವಿರದೈನೂರು ಲೀಟರ್ ಒಳಗಿನ ಕೊಳ ಅಂದ್ರೆ ತಗೊಳಿ, 5 ಅಡಿ ಏರಿಸ್ಬೇಕು ಅನ್ನೋರು 3 ಮೀಟರ್ ಮೇಲೆ ಎಚ್ ಮ್ಯಾಕ್ಸ್ ಇರೋದನ್ನೇ ಕೇಳಿ.